ನಾಯಿ ಕುಂಟಿದರೆ ಮೊದಲು ಕಾಲು ನೋಡಬೇಡಿ

ನಮ್ಮ ಕರಿಯ ಕಪ್ಪು ಲ್ಯಾಬ್ರಡಾರ್. ಅವನಿಗೆ ಎಂಟು ತುಂಬಿದ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಲ ಮುಂಗಾಲು ಊರಲು ಹಿಂದೇಟು ಹಾಕಿದ. ವಯಸ್ಸಾಯ್ತು, ಮೈಯೂ ಜಾಸ್ತಿ, ಲ್ಯಾಬ್‌ಗಳಿಗೆ ಕೀಲುನೋವು ಮಾಮೂಲಿ ಅಲ್ವಾ ಅಂತ ನಾನೇ ತೀರ್ಪು ಕೊಟ್ಟೆ. ಮೂರು ದಿನ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ನಾಲ್ಕನೇ ದಿನ ಬಲ ಮುಂಗಾಲು ಸರಿಹೋಯ್ತು, ಎಡ ಹಿಂಗಾಲು ಕುಂಟಿತು. ಎಣ್ಣೆ ಬಾಟಲಿ ಹಿಡಿದು ಆ ಕಡೆ ಕೂತೆ. ಐದನೇ ದಿನ ಊಟ ಬಿಟ್ಟ. ಲ್ಯಾಬ್ ತಟ್ಟೆಯಿಂದ ಮುಖ ತಿರುಗಿಸಿತು ಅಂದರೆ ಏನೋ ದೊಡ್ಡದೇ ಆಗಿದೆ ಅಂತ ಲೆಕ್ಕ.

ಆಸ್ಪತ್ರೆಯಲ್ಲಿ ನೋಡಿದರೆ ಜ್ವರ 104.5. ಪ್ಲೇಟ್‌ಲೆಟ್ 38 ಸಾವಿರ. ಎರಡು ಲಕ್ಷದ ಮೇಲಿರಬೇಕಿತ್ತು. ಉಣ್ಣಿ ಜ್ವರ. ಕಾಲಲ್ಲಿ ಏನೂ ಇರಲಿಲ್ಲ. ಕಿವಿಯ ಅಂಚಿನ ಮಡಿಕೆಯಲ್ಲಿ ಮೂರು ಉಣ್ಣಿ ಕಚ್ಚಿಕೊಂಡು ಕೂತಿದ್ದವು. ನಾನು ಐದು ದಿನ ಎಣ್ಣೆ ತಿಕ್ಕಿದ್ದು ತಪ್ಪು ಜಾಗಕ್ಕೆ.

ಅಲ್ಲಿಂದಾಚೆ ನನ್ನ ಕ್ರಮ ಬದಲಾಯಿತು. ಮೊದಲು ತಳಿ ಮತ್ತು ವಯಸ್ಸು. ಆಮೇಲೆ ಜ್ವರ. ಆಮೇಲೆ ನಡಿಗೆ. ಕಾಲನ್ನು ಕೈಯಲ್ಲಿ ಹಿಡಿಯುವುದು ಕೊನೆಗೆ. ಕುಂಟು ಒಂದೇ ಥರ ಕಂಡರೂ ಏಳು ತಿಂಗಳ ಜರ್ಮನ್ ಶೆಫರ್ಡ್‌ನಲ್ಲಿ ಅದಕ್ಕೆ ಒಂದು ಅರ್ಥ, ನಾಲ್ಕು ವರ್ಷದ ಸ್ಪಿಟ್ಜ್‌ನಲ್ಲಿ ಇನ್ನೊಂದು, ಒಂಬತ್ತು ವರ್ಷದ ರಾಟ್‌ವೀಲರ್‌ನಲ್ಲಿ ಬೇರೆಯೇ.

ಇವು ಕಂಡರೆ ಮುಂದೆ ಓದಬೇಡಿ, ಗಾಡಿ ತೆಗೆಯಿರಿ

ಎರಡೂ ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋಗಿ ನಾಯಿ ಸೊಂಟ ಎಳೆಯುತ್ತಿದ್ದರೆ. ಬೆಕ್ಕು ಕಿರುಚುತ್ತಾ ಹಿಂಗಾಲು ಎಳೆಯುತ್ತಿದ್ದರೆ. ಕಾಲು ಜೋತಾಡುತ್ತಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ. ಗಾಡಿ ತಾಗಿದ್ದರೆ ಅಥವಾ ಮಹಡಿಯಿಂದ ಬಿದ್ದಿದ್ದರೆ, ಎದ್ದು ಓಡಾಡುತ್ತಿದ್ದರೂ ಸರಿ, ಒಳಗಿನ ಪೆಟ್ಟು ಆಗಲೇ ಕಾಣುವುದಿಲ್ಲ. ತೋಟಕ್ಕೆ ಹೋಗಿ ಬಂದ ನಾಯಿಯ ಕಾಲು ಒಂದೆರಡು ಗಂಟೆಯಲ್ಲಿ ದಪ್ಪಗೆ ಊದಿಕೊಂಡರೆ ಹಾವು ಕಚ್ಚಿದೆ ಅಂತಲೇ ಇಟ್ಟುಕೊಳ್ಳಿ. ಕಟ್ಟು ಬಿಗಿಯುವುದು, ಬ್ಲೇಡು ಹಾಕುವುದು ಬೇಡ.

ಇನ್ನೊಂದು ಮಾತು ನಿಮ್ಮ ಜೀವಕ್ಕೆ ಸಂಬಂಧಿಸಿದ್ದು. ಲಸಿಕೆ ಹಾಕಿಸದ ನಾಯಿ ತೂರಾಡುತ್ತಾ ನಡೆಯುತ್ತಿದೆ, ಜೊಲ್ಲು ಸುರಿಸುತ್ತಿದೆ, ಬೊಗಳುವ ದನಿ ಬದಲಾಗಿದೆ, ನೀರು ನುಂಗಲು ಕಷ್ಟಪಡುತ್ತಿದೆ ಅಂದರೆ ಅದು ರೇಬೀಸ್ ಇರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆಯೇನೋ ಅಂತ ಬಾಯಿಗೆ ಬೆರಳು ಹಾಕಬೇಡಿ. ದೂರ ನಿಂತು ಪಶು ವೈದ್ಯರಿಗೆ ಫೋನ್ ಮಾಡಿ. ಜೊಲ್ಲು ತಾಗಿದ್ದರೆ ಆ ಜಾಗವನ್ನು ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ನೀವೂ ಆಸ್ಪತ್ರೆಗೆ ಹೋಗಿ.

ಜ್ವರ ಮತ್ತು ಒಸಡು

ನಾಯಿಗೆ ಜ್ವರ ಇದೆಯಾ ಅಂತ ಮೂಗು ಮುಟ್ಟಿ ನೋಡುವ ಅಭ್ಯಾಸ ಬಿಡಿ. ಬಿಸಿಲಲ್ಲಿ ಮಲಗಿ ಎದ್ದ ನಾಯಿಯ ಮೂಗೂ ಬಿಸಿಯಾಗಿ ಒಣಗಿರುತ್ತದೆ. ಇನ್ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ಒಂದನ್ನು ನಾಯಿಗೇ ಅಂತ ಇಟ್ಟುಕೊಳ್ಳಿ. ಮನೆಯವರ ಥರ್ಮಾಮೀಟರ್ ಜೊತೆ ಬೆರೆಯದ ಹಾಗೆ ಟೇಪು ಸುತ್ತಿಡಿ, ಕಾರಣ ಬಿಡಿಸಿ ಹೇಳಬೇಕಿಲ್ಲ. ತುದಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ, ಬಾಲ ಎತ್ತಿ, ಗುದದೊಳಗೆ ಒಂದು ಇಂಚು ಹಾಕಿ ಬೀಪ್ ಬರುವ ತನಕ ಹಿಡಿಯಬೇಕು. ಒಬ್ಬರು ಮುಂದೆ ಕೂತು ತಲೆ ಸವರುತ್ತಿದ್ದರೆ ಸುಲಭ. ನಾಯಿಗೂ ಬೆಕ್ಕಿಗೂ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಿ. ನಮಗೆ ಜ್ವರ ಅನ್ನಿಸುವ 101 ಅವಕ್ಕೆ ಆರೋಗ್ಯ. 103 ದಾಟಿದರೆ, ಜೊತೆಗೆ ಕುಂಟೂ ಇದ್ದರೆ, ಎಣ್ಣೆ ಬಾಟಲಿ ಮುಚ್ಚಿಡಿ.

ಇನ್ನು ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗಕ್ಕೆ ಎರಡು ಸೆಕೆಂಡಲ್ಲಿ ಬಣ್ಣ ಮರಳಬೇಕು. ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ ಇದ್ದರೆ, ಮೂಗಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಉಣ್ಣಿ ಜ್ವರದ ಅನುಮಾನ ಬಲವಾಯಿತು. ನಾವೆಲ್ಲ ಉಣ್ಣಿ ಜ್ವರ ಅಂತ ಒಂದೇ ಹೆಸರು ಹೇಳಿದರೂ ಅದರಲ್ಲಿ ಬೇರೆ ಬೇರೆ ರೋಗಗಳಿವೆ. ಎರ್ಲಿಕಿಯಾ ಬ್ಯಾಕ್ಟೀರಿಯಾ. ಬೆಬೀಸಿಯಾ ಕೆಂಪು ರಕ್ತಕಣದೊಳಗೆ ಕೂರುವ ಪರಜೀವಿ, ಡಿಕಾಕ್ಷನ್ ಮೂತ್ರ ಅದರ ಗುರುತು. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಬೆಬೀಸಿಯಾಗೆ ಚಿಕಿತ್ಸೆಯೇ ಬೇರೆ. ಅದಕ್ಕೇ ರಕ್ತ ಪರೀಕ್ಷೆ ಮಾಡಿಸದೆ ಪಕ್ಕದ ಮನೆ ನಾಯಿಗೆ ಬರೆದುಕೊಟ್ಟ ಚೀಟಿ ತಂದು ಔಷಧಿ ಕೊಡಬಾರದು. ಎರಡನೇ ವಾರಕ್ಕೆ ನಾಯಿ ಕುಣಿಯಲು ಶುರು ಮಾಡುತ್ತದೆ, ಮಾತ್ರೆ ನಿಲ್ಲಿಸೋಣ ಅನ್ನಿಸುತ್ತದೆ. ನಿಲ್ಲಿಸಬೇಡಿ.

ಉಣ್ಣಿ ಜ್ವರದ ಕುಂಟು ಕೀಲು ಬಾವಿನದು. ಇವತ್ತು ಈ ಕಾಲು, ನಾಳೆ ಆ ಕಾಲು. ಕರಿಯ ನಾಲ್ಕನೇ ದಿನವೇ ಅದನ್ನು ಹೇಳಿದ್ದ, ನನಗೆ ಅರ್ಥವಾಗಲಿಲ್ಲ ಅಷ್ಟೆ. ನಮ್ಮ ಊರುಗಳಲ್ಲಿ ಕುಂಟು ಕಾಲಿಂದ ಕಾಲಿಗೆ ಜಿಗಿಯುತ್ತಿದ್ದರೆ ಯಾವ ತಳಿಯಾದರೂ ಮೊದಲು ರಕ್ತ ಪರೀಕ್ಷೆ.

ಯಾವ ಕಾಲು ಅಂತ ಖಾತ್ರಿ ಮಾಡಿಕೊಳ್ಳಿ

ನಗಬೇಡಿ. ತಪ್ಪು ಕಾಲು ತೋರಿಸಿ ಎಕ್ಸ್‌ರೇ ತೆಗೆಸಿಕೊಂಡು ಬಂದವರಿದ್ದಾರೆ. ನಾಯಿಯನ್ನು ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ಹತ್ತು ಹದಿನೈದು ಹೆಜ್ಜೆ ನಡೆಸಿ. ನಿಮ್ಮ ಕಡೆಗೆ ಒಮ್ಮೆ, ದೂರಕ್ಕೆ ಒಮ್ಮೆ, ಪಕ್ಕದಿಂದ ಒಮ್ಮೆ. ಟೈಲ್ಸ್ ಮೇಲೆ ಬೇಡ, ಆರೋಗ್ಯದ ನಾಯಿಯೂ ಅಲ್ಲಿ ಜಾರುತ್ತದೆ. ಫೋನನ್ನು ನಾಯಿಯ ಎತ್ತರಕ್ಕೆ ಇಳಿಸಿ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿ.

ಈಗ ತಲೆ ನೋಡಿ. ಮುಂಗಾಲು ನೋವಿದ್ದರೆ ಆ ಕಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರುವಾಗ ಕೆಳಗಿಳಿಯುತ್ತದೆ. ಹಿಂಗಾಲು ನೋವಿದ್ದರೆ ತಲೆ ಬಿಟ್ಟು ಸೊಂಟ ನೋಡಿ. ನೋವಿನ ಕಡೆಯ ಸೊಂಟ ಜಾಸ್ತಿ ಏರಿಳಿಯುತ್ತದೆ. ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸಿ ಓಡುತ್ತಿದ್ದರೆ ಎರಡೂ ಕಡೆ ತೊಂದರೆ ಇದೆ. ಹೀಗಿದ್ದಾಗ ಕುಂಟೇ ಕಾಣುವುದಿಲ್ಲ, ಕುಂಟಲು ಒಳ್ಳೆಯ ಕಾಲೊಂದು ಬೇಕಲ್ಲ.

ಈ ವಿಡಿಯೋ ಇಟ್ಟುಕೊಂಡಿರಿ. ಮನೆಯಲ್ಲಿ ಮೂರು ಕಾಲಲ್ಲಿ ನಡೆದ ನಾಯಿ ಡಾಕ್ಟರ ಮುಂದೆ ನಾಲ್ಕೂ ಕಾಲಲ್ಲಿ ಜಿಂಕೆ ಹಾಗೆ ನಡೆದು ನಿಮ್ಮ ಮಾನ ತೆಗೆಯುತ್ತದೆ.

ಈಗ ಕೈಯಲ್ಲಿ ಹಿಡಿದು

ಪಾದದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ನೋವಿಲ್ಲದ ಕಾಲನ್ನು ಮೊದಲು ಮುಟ್ಟಿ, ನಾಯಿ ನಂಬುತ್ತದೆ. ಬೆರಳ ಸಂದಿ ಬಿಡಿಸಿ ನೋಡಿ: ನೆಗ್ಗಿಲ ಮುಳ್ಳು, ಗಾಜಿನ ಚೂರು, ಉಣ್ಣಿ, ಅಂಟಿದ ಟಾರು. ಏಪ್ರಿಲ್ ಮಧ್ಯಾಹ್ನ ಡಾಂಬರು ರಸ್ತೆ ಮೇಲೆ ನಡೆಸಿದ್ದರೆ ಪಾದದ ಮೆತ್ತೆಯಲ್ಲಿ ಬೊಬ್ಬೆ ಇರಬಹುದು. ಉಗುರು ಸೀಳಿದೆಯಾ? ಮುಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದ ಹೆಬ್ಬೆರಳಿನ ಉಗುರು ಸವೆಯುವುದೇ ಇಲ್ಲ. ಸುತ್ತಿ ಬೆಳೆದು ಚರ್ಮದೊಳಗೇ ಚುಚ್ಚಿಕೊಂಡಿರುತ್ತದೆ. ಉದ್ದ ಕೂದಲಿನ ಷಿತ್ಸು, ಸ್ಪಿಟ್ಜ್‌ಗಳಲ್ಲಿ ಇದು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಾದದಲ್ಲಿ ಏನೂ ಸಿಗದಿದ್ದರೆ ಒಂದೊಂದೇ ಕೀಲನ್ನು ಮೆಲ್ಲಗೆ ಮಡಿಸಿ ಬಿಡಿಸಿ. ಕೂಗಿದರಷ್ಟೇ ನೋವು ಅಂತಲ್ಲ. ತುಟಿ ನೆಕ್ಕುವುದು, ತಲೆ ತಿರುಗಿಸಿ ನಿಮ್ಮ ಕೈಯನ್ನೇ ನೋಡುವುದು, ಉಸಿರು ಹಿಡಿಯುವುದು, ಇವೂ ನೋವೇ. ಎರಡು ಕಡೆಯ ತೊಡೆಯನ್ನೂ ಒಟ್ಟಿಗೆ ಹಿಡಿದು ನೋಡಿ. ಒಂದು ತೆಳ್ಳಗಾಗಿದ್ದರೆ ತೊಂದರೆ ಇವತ್ತಿನದಲ್ಲ, ವಾರಗಳಿಂದ ಆ ಕಾಲಿಗೆ ಕೆಲಸವೇ ಕೊಟ್ಟಿಲ್ಲ.

ಲ್ಯಾಬ್, ಶೆಫರ್ಡ್, ಗೋಲ್ಡನ್, ರಾಟ್‌ವೀಲರ್

ಇವಕ್ಕೆ ಸೊಂಟದ ಕೀಲಿನ ದೋಷ ವಂಶದಲ್ಲೇ ಬರುತ್ತದೆ. ತೊಡೆ ಮೂಳೆಯ ಗುಂಡು ತಲೆ ಸೊಂಟದ ಗುಳಿಯಲ್ಲಿ ಕೂರಬೇಕು. ಈ ತಳಿಗಳ ಎಷ್ಟೋ ಮರಿಗಳಲ್ಲಿ ಗುಳಿ ಆಳವಿರುವುದಿಲ್ಲ. ಅಗಲ ಒರಳಲ್ಲಿ ಚಿಕ್ಕ ಗುಂಡುಕಲ್ಲು ಹಾಕಿ ರುಬ್ಬಿದ ಹಾಗೆ ಅಲುಗಾಡಿ ಅಲುಗಾಡಿ ಎರಡೂ ಸವೆಯುತ್ತವೆ. ಒಂದೋ ಐದರಿಂದ ಹನ್ನೆರಡು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ, ಇಲ್ಲವೇ ಸವೆದ ಕೀಲು ಮುಪ್ಪಿನಲ್ಲಿ ಬಿಗಿದುಕೊಂಡಾಗ. ಮೆಟ್ಟಿಲ ಮುಂದೆ ನಿಂತು ಯೋಚಿಸುವುದು, ಕೂತಲ್ಲಿಂದ ಮುಂಗಾಲ ಮೇಲೆ ಭಾರ ಹಾಕಿ ಏಳುವುದು, ಮೊಲದ ಓಟ, ಇವೆಲ್ಲ ಗುರುತು. ಖಾತ್ರಿಗೆ ಎಕ್ಸ್‌ರೇ ಬೇಕು, ಅದೂ ಮತ್ತಿನ ಔಷಧಿ ಕೊಟ್ಟು ಸರಿಯಾದ ಭಂಗಿಯಲ್ಲಿ ಮಲಗಿಸಿ ತೆಗೆದದ್ದು.

ನಾಲ್ಕರಿಂದ ಹತ್ತು ತಿಂಗಳ ಲ್ಯಾಬ್ ಅಥವಾ ರಾಟ್‌ವೀಲರ್ ಮುಂಗಾಲು ಕುಂಟಿದರೆ ಮೊಣಕೈ ಕೀಲಿನ ಮೇಲೆ ಕಣ್ಣಿಡಿ. ಇಂಥ ಮರಿ ನಿಂತಾಗ ಪಾದ ಹೊರಕ್ಕೆ ತಿರುಗಿಸಿಕೊಳ್ಳುತ್ತದೆ. ಮಲಗಿ ಎದ್ದಾಗ ಕುಂಟು ಜಾಸ್ತಿ, ನಾಲ್ಕು ಹೆಜ್ಜೆ ನಡೆದರೆ ಕಡಿಮೆ, ಆಟ ಆಡಿದ ಮೇಲೆ ಮತ್ತೆ ಜಾಸ್ತಿ.

ಜರ್ಮನ್ ಶೆಫರ್ಡ್ ಮರಿಯಲ್ಲಿ ಇನ್ನೊಂದು ಇದೆ, ಪ್ಯಾನಾಸ್ಟಿಯೈಟಿಸ್ ಅಂತ. ಐದರಿಂದ ಹದಿನೆಂಟು ತಿಂಗಳೊಳಗೆ ಉದ್ದ ಮೂಳೆಗಳ ಒಳಗೆ ನೋವು. ಇದೂ ಕಾಲಿಂದ ಕಾಲಿಗೆ ಜಿಗಿಯುತ್ತದೆ, ಕೆಲವೊಮ್ಮೆ ಸಣ್ಣ ಜ್ವರವೂ ಇರುತ್ತದೆ. ಕೀಲು ಮಡಿಸಿದರೆ ಸುಮ್ಮನಿರುವ ಮರಿ ಮೂಳೆಯ ನಡು ಭಾಗ ಒತ್ತಿದರೆ ಎಳೆದುಕೊಳ್ಳುತ್ತದೆ. ಬೆಳೆಯುತ್ತಾ ತಾನೇ ಹೋಗುತ್ತದೆ, ಅಲ್ಲಿಯವರೆಗೆ ನೋವಿಗೆ ಔಷಧಿ. ಆದರೆ ಉಣ್ಣಿ ಜ್ವರ ಇಲ್ಲ ಅಂತ ರಕ್ತ ಪರೀಕ್ಷೆ ಹೇಳಿದ ಮೇಲಷ್ಟೇ ಇದನ್ನು ನಂಬಿ.

ದೊಡ್ಡ ಲ್ಯಾಬ್‌ಗಳು ಆಡುತ್ತಿದ್ದಾಗಲೇ ಒಮ್ಮೆ ಕಿರುಚಿ ಹಿಂಗಾಲು ಎತ್ತಿಕೊಂಡರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು (ಲಿಗಮೆಂಟ್) ಹರಿದಿರಬಹುದು. ಮರುದಿನ ಬೆರಳ ತುದಿಯಷ್ಟೇ ನೆಲಕ್ಕೆ ತಾಗಿಸಿ ನಿಲ್ಲುತ್ತವೆ. ಕೂತಾಗ ಆ ಕಾಲನ್ನು ಮಡಿಸದೆ ಪಕ್ಕಕ್ಕೆ ಚಾಚುತ್ತವೆ. ದಪ್ಪ ನಾಯಿಗೆ ಇದು ಬೇಗ. ಲ್ಯಾಬ್ ದಪ್ಪ ಆಗುವುದರಲ್ಲಿ ನಮ್ಮ ಬಿಸ್ಕೆಟ್ ಪಾತ್ರ ದೊಡ್ಡದಾದರೂ ಪೂರ್ತಿ ತಪ್ಪು ನಮ್ಮದೇ ಅಲ್ಲ. 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಹಸಿವಿಗೆ ಸಂಬಂಧಿಸಿದ ಜೀನ್ ಒಂದರಲ್ಲಿ ಒಂದು ತುಂಡು ಇಲ್ಲದಿರುವುದನ್ನು ಕಂಡರು. ನಿಮ್ಮ ನಾಯಿ ಊಟ ಮುಗಿಸಿ ಎರಡು ನಿಮಿಷಕ್ಕೆ ಉಪವಾಸ ಇದ್ದವನ ಮುಖ ಮಾಡುತ್ತದಲ್ಲ, ಅದು ನಾಟಕ ಅಲ್ಲದೆಯೂ ಇರಬಹುದು. ಹಾಗಂತ ಕೊಡಬೇಡಿ.

ಏಳೆಂಟು ವರ್ಷ ದಾಟಿದ ರಾಟ್‌ವೀಲರ್, ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ಗಳ ಮಾತು ಬೇರೆ. ಮಣಿಕಟ್ಟು, ಭುಜ ಅಥವಾ ಮಂಡಿಯ ಹತ್ತಿರ ಗಟ್ಟಿ ಊತ, ದಿನದಿನಕ್ಕೆ ಜಾಸ್ತಿಯಾಗುವ ಕುಂಟು ಇದ್ದರೆ ಮೂಳೆಯ ಕ್ಯಾನ್ಸರ್ ಇರಬಹುದು. ಉಳುಕು ಅಂತ ಉಜ್ಜಬೇಡಿ. ಅದೇ ವಾರ ಎಕ್ಸ್‌ರೇ.

ಸಣ್ಣ ನಾಯಿಗಳು

ನಮ್ಮಲ್ಲಿ ಪಾಮೇರಿಯನ್ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಹೆಸರು ಏನೇ ಇರಲಿ, ಪಗ್, ಚಿಹುವಾವಾ, ಯಾರ್ಕಿ ಎಲ್ಲ ಸೇರಿ ಸಣ್ಣ ನಾಯಿಗಳಿಗೆ ಮಂಡಿಚಿಪ್ಪು ಜಾರುವ ತೊಂದರೆ ಬರುತ್ತದೆ. ನಡೆಯುತ್ತಾ ನಡೆಯುತ್ತಾ ನಾಯಿ ಒಂದು ಹಿಂಗಾಲು ಎತ್ತಿ ಕುಂಟೆಬಿಲ್ಲೆ ಆಡುವ ಮಕ್ಕಳ ಹಾಗೆ ಮೂರ್ನಾಲ್ಕು ಹೆಜ್ಜೆ ಹಾಕುತ್ತದೆ. ಕಾಲನ್ನು ಒಮ್ಮೆ ಹಿಂದಕ್ಕೆ ಒದರುತ್ತದೆ. ಚಿಪ್ಪು ಜಾಗಕ್ಕೆ ಕೂತಿತು. ಏನೂ ಆಗಿಲ್ಲದ ಹಾಗೆ ಓಡುತ್ತದೆ. ಡಾಕ್ಟರು ಇದಕ್ಕೆ ಒಂದರಿಂದ ನಾಲ್ಕರವರೆಗೆ ಗ್ರೇಡ್ ಕೊಡುತ್ತಾರೆ. ಒಂದಕ್ಕೆ ತೂಕ ಇಳಿಸಿ ಕಾಯಬಹುದು, ಮೂರು ನಾಲ್ಕಕ್ಕೆ ಆಪರೇಷನ್ ಮಾತು ಬರುತ್ತದೆ.

ಡ್ಯಾಶ್‌ಹೌಂಡ್ ಕುಂಟಿದರೆ ಕಾಲು ಬಿಟ್ಟು ಬೆನ್ನು ನೋಡಿ. ಈ ತಳಿಯ ಬೆನ್ನುಮೂಳೆಯ ಮಧ್ಯದ ಡಿಸ್ಕ್‌ಗಳು ಚಿಕ್ಕ ವಯಸ್ಸಿಗೇ ಗಟ್ಟಿಯಾಗಿ, ಸೋಫಾದಿಂದ ಹಾರಿದ ಒಂದು ನೆಗೆತಕ್ಕೆ ಸಿಡಿದು ನರವನ್ನು ಒತ್ತುತ್ತವೆ. ಮೂರರಿಂದ ಏಳು ವರ್ಷದೊಳಗೆ ಜಾಸ್ತಿ. ಬೀಗಲ್, ಕಾಕರ್‌ಗಳಿಗೂ ಇದೆ. ಬೆನ್ನು ಗೂನಾಗುತ್ತದೆ, ಎತ್ತಿಕೊಂಡರೆ ಕಿರುಚುತ್ತದೆ, ಹಿಂಗಾಲು ಕುಡಿದವನ ಹಾಗೆ ಅಡ್ಡ ಬೀಳುತ್ತದೆ. ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ನಾಯಿಯನ್ನು ನಿಲ್ಲಿಸಿ, ಹೊಟ್ಟೆಗೆ ಕೈ ಆಸರೆ ಕೊಟ್ಟು, ಹಿಂಗಾಲಿನ ಪಾದವನ್ನು ಮಗುಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯದ ನಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿ ಮಾಡಿಕೊಳ್ಳುತ್ತದೆ. ಮಗುಚಿದ್ದು ಮಗುಚಿದಂತೆಯೇ ಇದ್ದರೆ ನರಕ್ಕೆ ಪೆಟ್ಟಾಗಿದೆ. ಗಟ್ಟಿ ಹಲಗೆ ಅಥವಾ ಬುಟ್ಟಿಯಲ್ಲಿ ಮಲಗಿಸಿ ಅವತ್ತೇ ಆಸ್ಪತ್ರೆಗೆ ಒಯ್ಯಿರಿ. ಕಾಲಿಗೆ ನೋವೇ ಗೊತ್ತಾಗದ ಹಂತಕ್ಕೆ ಹೋಗಿದ್ದರೆ ಗಂಟೆಗಳ ಲೆಕ್ಕ.

ಮುಧೋಳ

2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಮ್ಮ ಬಾಗಲಕೋಟೆ ಕಡೆಯ ನಾಯಿ. ಇಂಥ ಓಟದ ನಾಯಿಗಳಲ್ಲಿ ಸೊಂಟದ ಕೀಲಿನ ದೋಷ ಕಡಿಮೆ. ಕುಂಟಿದರೆ ಹೆಚ್ಚಾಗಿ ಕಾರಣ ಹೊರಗಿನದು: ಕಿತ್ತುಬಂದ ಉಗುರು, ಉಳುಕಿದ ಬೆರಳು, ಬೇಲಿಗೆ ಸೀಳಿದ ಚರ್ಮ. ಚರ್ಮ ತೆಳ್ಳಗೆ, ಕೊಬ್ಬು ಕಡಿಮೆ, ಸಣ್ಣ ಗಾಯವೂ ಉದ್ದಕ್ಕೆ ಹರಿಯುತ್ತದೆ. ಪಕ್ಕೆಲುಬು ಕಾಣುತ್ತಿದೆ ಅಂತ ತಿನ್ನಿಸಿ ತಿನ್ನಿಸಿ ಲ್ಯಾಬ್ ಮಾಡಲು ಹೋಗಬೇಡಿ, ಅದರ ಮೈಕಟ್ಟೇ ಹಾಗೆ. ಮತ್ತಿನ ಔಷಧಿ ಕೊಡುವ ಮೊದಲು ಇದು ಮುಧೋಳ ಅಂತ ಡಾಕ್ಟರಿಗೆ ನೆನಪಿಸಿ. ಓಟದ ನಾಯಿಗಳು ಕೆಲವು ಮತ್ತಿನ ಔಷಧಿಗಳಿಂದ ಎಚ್ಚರಗೊಳ್ಳುವುದು ನಿಧಾನ.

ಬೆಕ್ಕು ಕುಂಟುವುದಿಲ್ಲ, ಹತ್ತುವುದನ್ನು ಬಿಡುತ್ತದೆ

ಫ್ರಿಜ್ ಮೇಲೆ ಮಲಗುತ್ತಿದ್ದ ಬೆಕ್ಕು ನೆಲದ ಮೇಲೆ ಮಲಗಲು ಶುರು ಮಾಡಿದರೆ, ಮರಳಿನ ಡಬ್ಬದ ಹೊರಗೆ ಗಲೀಜು ಮಾಡಿದರೆ, ಬೆನ್ನಿನ ಕೂದಲು ನೆಕ್ಕದೆ ಗಂಟುಕಟ್ಟಿದರೆ ಕೀಲುನೋವು ಹುಡುಕಿ. ಹೊರಗೆ ತಿರುಗುವ ಗಂಡುಬೆಕ್ಕು ಕುಂಟಿದರೆ ಜಗಳದ ಗಾಯವೇ ಮೊದಲ ಅನುಮಾನ. ಹಲ್ಲು ನಾಟಿದ ತೂತು ಮುಚ್ಚಿಕೊಂಡು ಎರಡು ಮೂರು ದಿನಕ್ಕೆ ಒಳಗೆ ಕೀವು ತುಂಬುತ್ತದೆ, ಮುಟ್ಟಿದರೆ ಬಿಸಿ ಊತ.

ಸ್ಕಾಟಿಷ್ ಫೋಲ್ಡ್ ಸಾಕಿದ್ದರೆ ಒಂದು ಕಹಿ ವಿಷಯ. 1961ರಲ್ಲಿ ಸ್ಕಾಟ್‌ಲೆಂಡಿನ ಜಮೀನೊಂದರಲ್ಲಿ ಸಿಕ್ಕ ಸೂಸಿ ಎಂಬ ಬೆಕ್ಕಿನಿಂದ ಬಂದ ತಳಿ ಇದು. ಕಿವಿ ಮಡಚುವ ಜೀನೇ ಮೈಯ ಉಳಿದ ಮೃದುಮೂಳೆಯನ್ನೂ ಕೆಡಿಸುತ್ತದೆ. ಬಾಲದ ಬುಡ ದಪ್ಪಗೆ ಬಗ್ಗದ ಹಾಗಿದ್ದರೆ, ಹಿಂಗಾಲ ಹಿಮ್ಮಡಿಯ ಹತ್ತಿರ ಗಂಟಿದ್ದರೆ ನೋವಿದೆ ಅಂತಲೇ ಅರ್ಥ. ವಾಸಿಯಾಗುವುದಿಲ್ಲ, ಜೀವನಪೂರ್ತಿ ನೋವು ಕಡಿಮೆ ಮಾಡುತ್ತಿರಬೇಕು.

ಪರ್ಷಿಯನ್, ಮೇನ್ ಕೂನ್ ಬೆಕ್ಕುಗಳಲ್ಲಿ ಹೃದಯದ ಸ್ನಾಯು ದಪ್ಪವಾಗುವ ರೋಗವಿದೆ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಜಾರಿ ಹಿಂಗಾಲಿನ ರಕ್ತನಾಳ ಕವಲೊಡೆಯುವಲ್ಲಿ ಸಿಕ್ಕಿಕೊಂಡರೆ ಬೆಕ್ಕು ಒಮ್ಮೆಲೇ ಕಿರುಚಿ ಬೀಳುತ್ತದೆ. ನೋಡುವವರಿಗೆ ಕಾಲು ಮುರಿದಂತೆ ಕಾಣುತ್ತದೆ. ಹಿಂಗಾಲಿನ ಪಾದ ಮುಟ್ಟಿ. ಮುಂಗಾಲಿಗಿಂತ ತಣ್ಣಗಿದ್ದು, ಮೆತ್ತೆ ನೀಲಿಗಟ್ಟಿದ್ದರೆ ಇದೇ. ಉಜ್ಜಬೇಡಿ, ಶಾಖ ಕೊಡಬೇಡಿ, ಹೊರಡಿ.

ಮನೆಯ ಔಷಧಿ ಡಬ್ಬ

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಉಣ್ಣಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಇವನ್ನು ಕೊಟ್ಟರೆ ರಕ್ತಸ್ರಾವ. ಕರಿಯನಿಗೆ ನಾನು ಬರೀ ಎಣ್ಣೆ ತಿಕ್ಕಿದ್ದೇ ಪುಣ್ಯ.

ಕ್ಯಾಲ್ಸಿಯಂ ಸಿರಪ್ ಬಗ್ಗೆಯೂ ಹೇಳಬೇಕು. ಮರಿ ಕುಂಟಿದರೆ ಸಾಕು, ಬೀದಿಯವರೆಲ್ಲ ಅದನ್ನೇ ಹೇಳುತ್ತಾರೆ. ಬರೀ ಅನ್ನ ಅಥವಾ ಬರೀ ಮಾಂಸ ತಿಂದು ಬೆಳೆದ ಮರಿಗೆ ಕ್ಯಾಲ್ಸಿಯಂ ಕೊರತೆ ನಿಜವಾಗಿಯೂ ಆಗುತ್ತದೆ, ಮೂಳೆ ಬಗ್ಗಿ ಮುರಿಯುತ್ತದೆ. ಆದರೆ ಮರಿಗಳ ಆಹಾರವನ್ನೇ ತಿನ್ನುವ ದೊಡ್ಡ ತಳಿಯ ಮರಿಗೆ ಮೇಲಿಂದ ಸಿರಪ್ ಸುರಿದರೆ ಕೀಲು ಇನ್ನೂ ಕೆಡುತ್ತದೆ. ಬೇಡದ ಕ್ಯಾಲ್ಸಿಯಂ ಹೊರಗಿಡುವ ಶಕ್ತಿ ಎಳೆ ಮರಿಯ ಕರುಳಿಗಿಲ್ಲ.

ಆಸ್ಪತ್ರೆಗೆ ಹೋಗುವಾಗ

ವಿಡಿಯೋ, ಎರಡು ಹೊತ್ತಿನ ಜ್ವರದ ಲೆಕ್ಕ, ಲಸಿಕೆಯ ಪುಸ್ತಕ, ಉಣ್ಣಿಗೆ ಕೊನೆಯ ಸಲ ಔಷಧಿ ಹಾಕಿದ ತಾರೀಕು, ಈಗಾಗಲೇ ಕೊಟ್ಟ ಮಾತ್ರೆಯ ಪಟ್ಟಿ ಜೊತೆಗಿರಲಿ. ಮುಚ್ಚಿಡಬೇಡಿ, ಡಾಕ್ಟರು ಬೈದರೂ ಪರವಾಗಿಲ್ಲ. ಎಕ್ಸ್‌ರೇಗೆ ಮತ್ತಿನ ಔಷಧಿ ಕೊಡುವ ಸಾಧ್ಯತೆ ಇದ್ದರೆ ಎಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಇರಿಸಬೇಕು ಅಂತ ಹಿಂದಿನ ದಿನವೇ ಫೋನಿನಲ್ಲಿ ಕೇಳಿ, ಮನೆಯವರಿಗೆಲ್ಲ ಹೇಳಿಡಿ. ಕರಿಯನ ಮುಂದಿನ ಎಕ್ಸ್‌ರೇ ಒಂದು ದಿನ ಮುಂದಕ್ಕೆ ಹೋಯ್ತು. ಬೆಳಿಗ್ಗೆ ಆರಕ್ಕೆ ಅಮ್ಮ ಅವನಿಗೆ ಎರಡು ಇಡ್ಲಿ ಕೊಟ್ಟಿದ್ದರು, ಪಾಪ ಹಸಿದಿದ್ದಾನೆ ಅಂತ.